ಪೆಟ್ಟಿಗೆ ಬಿಚ್ಚದ ಗೊಂಬೆ

ಗೊಂಬೆಯಕ್ಕ ಹದಿನೆಂಟು ವರ್ಷ ಅಂಗಿ ಕಾರ್ಖಾನೆಯಲ್ಲಿ ಕಾಲರ್ ಹೊಲಿದವಳು. ಕಾರ್ಖಾನೆ ಮುಚ್ಚಿದ ಮೇಲೆ ಉಳಿದ ಬಟ್ಟೆಚೂರುಗಳಿಂದ ಗೊಂಬೆ ಹೊಲಿಯತೊಡಗಿದಳು. ಗೊಂಬೆಯ ಅಂಗೈಯೊಳಗೆ ಒಂದು ಚಿಟಿಕೆ ಮರಳು ತುಂಬುವುದು ಅವಳದೇ ಪದ್ಧತಿ. "ಮಗು ಕೈ ಹಿಡಿದ್ರೆ ಗೊಂಬೇನೂ ತಿರುಗಿ ಹಿಡ್ಕೊಂಡ ಹಾಗಿರ್ಬೇಕು" ಎನ್ನುತ್ತಿದ್ದಳು.

ಬೆರಳುಗಳು ಮರಗಟ್ಟುತ್ತಿದ್ದುದರಿಂದ ತಿಂಗಳಿಗೆ ಆರು ಗೊಂಬೆಯಾದರೆ ಹೆಚ್ಚು. ಆದರೂ ಬಡವರ ಮಕ್ಕಳಿಗೆ ಎಟುಕಲಿ ಎಂದು ಬೆಲೆ ಏರಿಸಲಿಲ್ಲ. ಯಾರೋ ಫೋನಿನಲ್ಲಿ ಗೊಂಬೆಯ ಫೋಟೋ ಹಾಕಿದ್ದೇ ತಡ, ಬಾಗಿಲಲ್ಲಿ ಸಾಲು ಹನುಮಂತನ ಬಾಲವಾಯಿತು.

ಸಾಲು ನೋಡಿಕೊಳ್ಳುತ್ತಿದ್ದವನು ಅವಳ ಜೊತೆಗೇ ಇದ್ದ ತಮ್ಮ. ಪ್ಲಾಸ್ಟಿಕ್ ಕಿಟಕಿಯ ರಟ್ಟಿನ ಪೆಟ್ಟಿಗೆಗಳನ್ನು ತಂದವನೂ ಅವನೇ.

ಒಂದು ಮಧ್ಯಾಹ್ನ ಹೆಂಗಸೊಬ್ಬಳು ಅಂಥದೊಂದು ಪೆಟ್ಟಿಗೆ ಹಿಡಿದು ಬಂದಳು.

"ಮೂಲೆ ಜಜ್ಜಿದೆ ಅಕ್ಕ. ಹೊಸ ಪೆಟ್ಟಿಗೆಗೆ ಹಾಕಿಕೊಡ್ತೀರಾ?"

"ಪೆಟ್ಟಿಗೆ ಜಜ್ಜಿದ್ರೆ ಗೊಂಬೆಗೇನು ನೋವಾಯ್ತೇ? ಬಿಚ್ಚಿ ಮಗು ಕೈಗೆ ಕೊಡು ತಾಯಿ."

"ಬಿಚ್ಚಿದ್ರೆ ಬೆಲೆ ಹೋಗತ್ತಂತೆ. ಬಿಚ್ಚದೆ ಇಟ್ರೆ ಅದೇ ದುಡ್ಡಿಗೆ ವಾಪಸ್ ತಗೋತೀನಿ ಅಂದಿದ್ರು. ಆ ಧೈರ್ಯದ ಮೇಲೆ ಬಳೆ ಮಾರಿ ತಂದೆ. ಔಷಧಿಗೆ ಬೇಕಾದ್ರೆ ಇರಲಿ ಅಂತ ಪೆಟ್ಟಿಗೆ ಸಮೇತ ಆಸ್ಪತ್ರೆ ಮಂಚದ ಪಕ್ಕ ಇಟ್ಟಿದ್ದೆ. ಒಂದ್ಸಲ ಕೈ ಹಿಡೀತೀನಮ್ಮ ಅಂತಿದ್ಲು ಮಗಳು. ಹುಷಾರಾಗು, ಆಮೇಲೆ ಅಂತಿದ್ದೆ." ಅವಳು ಪೆಟ್ಟಿಗೆಯ ಮೇಲಿನ ಧೂಳು ಒರೆಸಿದಳು. "ಹೋದ ತಿಂಗಳು ಹೋಗ್ಬಿಟ್ಲು. ಮನೇಲಿ ಇದನ್ನ ನೋಡಕ್ಕಾಗಲ್ಲ. ಹೊಸ ಪೆಟ್ಟಿಗೆ ಇದ್ರೆ ತಗೋತಾರಂತೆ."

"ಯಾರು ಮಾರಿದ್ದು?"

"ಇಲ್ಲೇ ಸಾಲು ನಿಲ್ಲಿಸ್ತಾರಲ್ಲ, ಅವರೇ. ನಿಮ್ಮ ಬೆಲೆಗಿಂತ ಇಪ್ಪತ್ತು ಪಟ್ಟು."

ಗೊಂಬೆಯಕ್ಕನಿಗೆ ಹೊಸ ಪೆಟ್ಟಿಗೆ ಕೊಡಬಾರದು ಅನ್ನಿಸಿತು. ಆದರೆ ಆ ಖಾಲಿ ಮಣಿಕಟ್ಟುಗಳನ್ನು ನೋಡಿ ಬೇಡವೆನ್ನಲು ಬಾಯಿ ಬರಲಿಲ್ಲ. ಒಳಗಿಂದ ಹೊಸ ಪೆಟ್ಟಿಗೆ ತಂದು, ಗೊಂಬೆಯನ್ನು ಮಲಗಿಸಿ, ತಾನೇ ಟೇಪು ಹಚ್ಚಿಕೊಟ್ಟಳು.

ಸಂಜೆ ತಮ್ಮನನ್ನು ಹಿಡಿದು ಕೇಳಿದಳು. ಅವನು ತಲೆ ತಗ್ಗಿಸಲಿಲ್ಲ.

"ಕದ್ನಾ ಅಕ್ಕ? ನನ್ನ ಹುಡುಗರನ್ನ ಸಾಲಲ್ಲಿ ನಿಲ್ಸಿದೆ, ನೀನು ಹೇಳಿದ ಬೆಲೆ ಕೊಟ್ಟೇ ತಗೊಂಡೆ. ಬೇಕಾದೋರಿಗೆ ಮಾರಿದೆ."

"ಆ ಮಗು ಒಂದ್ಸಲಾನೂ ಮುಟ್ಲಿಲ್ವಲ್ಲೋ!"

"ಅದಕ್ಕೆ ನಾನೇನ್ಮಾಡ್ಲಿ? ನಿನ್ನ ಎಡಗೈ ಆಪರೇಷನ್ನಿಗೆ ದುಡ್ಡೇನು ಆಕಾಶದಿಂದ ಉದುರ್ತಾ? ಬಲಗೈದು ಇನ್ನೂ ಆಗ್ಬೇಕು. ಧರ್ಮರಾಯನ ತಂಗಿ ಥರ ಮಾತಾಡಬೇಡ."

ಅವಳು ಎಡಗೈಯ ಹೊಲಿಗೆ ಗುರುತನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಮುಂದಿನ ಮಾರಾಟದ ದಿನ ಹೊಸ್ತಿಲಲ್ಲಿ ನೀರಿನ ಬಕೆಟ್ ಇತ್ತು. ಗೊಂಬೆಯಕ್ಕ ಒಂದೊಂದು ಗೊಂಬೆಯನ್ನೂ ನೀರಲ್ಲಿ ಅದ್ದಿ, ಹಿಂಡಿ, ಪೆಟ್ಟಿಗೆಯಿಲ್ಲದೆ ಕೊಟ್ಟಳು.

"ಇದೇನಕ್ಕಾ, ಗೊಂಬೆಗೂ ಬಾಣಂತಿ ಸ್ನಾನವೇ?" ಎಂದು ಸಾಲಿನಲ್ಲಿ ಯಾರೋ ನಕ್ಕರು.

"ಪೆಟ್ಟಿಗೆಗೆ ಹಾಕಿದ್ರೆ ಬೂಷ್ಟು ಹಿಡಿಯತ್ತೆ. ಕೈಯಲ್ಲಿ ಹಿಡ್ಕೊಂಡೇ ಒಣಗಿಸ್ಬೇಕು."

ತೊಳೆದ ಗೊಂಬೆಯನ್ನು ಹೊಸದೆಂದು ಇಪ್ಪತ್ತು ಪಟ್ಟು ಕೊಟ್ಟು ಯಾರೂ ಕೊಳ್ಳುವುದಿಲ್ಲ. ಮರುತಿಂಗಳು ಸಾಲಿನಲ್ಲಿ ಇದ್ದವರು ಇಬ್ಬರೇ. ತಮ್ಮನೂ ಬಟ್ಟೆಬರೆ ಕಟ್ಟಿಕೊಂಡು ಬೇರೆ ಮನೆ ಹಿಡಿದ. "ನಿನ್ನ ಕೈಗೆ ನೀನೇ ಕೊಡಲಿ ಹಾಕ್ಕೊಂಡೆ" ಎಂದು ಹೋಗುವಾಗ ಹೇಳಿದ. ಸುಳ್ಳೇನಲ್ಲ. ಬಲಗೈಗೆ ಆಪರೇಷನ್ ಆಗಲೇ ಇಲ್ಲ. ವರ್ಷ ತುಂಬುವುದರೊಳಗೆ ಆ ಬೆರಳುಗಳಲ್ಲಿ ಸೂಜಿ ನಿಲ್ಲದಾಯಿತು.

ಈಗ ಅವಳು ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಾಳೆ. ನೀರಲ್ಲಿ ಅದ್ದಿ ಕೊಟ್ಟ ಗೊಂಬೆಗಳ ಬಗ್ಗೆ ಜನ ವಿಚಾರಿಸಿದರೆ ಒಂದೆರಡು ಮಾತಾಡುತ್ತಾಳೆ. ಟೇಪು ಹಚ್ಚಿ ಕೊಟ್ಟ ಆ ಒಂದರ ಬಗ್ಗೆ ಯಾರೂ ಕೇಳುವುದಿಲ್ಲ. ಅದು ಈಗ ಇನ್ಯಾವ ಮಗುವಿನ ಮಂಚದ ಪಕ್ಕದಲ್ಲಿದೆಯೋ ಅವಳಿಗೆ ಗೊತ್ತಿಲ್ಲ.