ಅಣ್ಣನ ಮೊಣಕಾಲು

ಎದುರು ಮನೆಯವರು ಸುಣ್ಣ ಕಲಸುತ್ತಿದ್ದಾರೆ. ಆ ಹಸಿ ವಾಸನೆಗೆ ಅಣ್ಣನ ಕಾಲಿನ ಗಟ್ಟಿ ಪಟ್ಟಿ ನೆನಪಾಯಿತು ಎಂದರೆ ನೀವು ನಂಬುತ್ತೀರಿ. ನಂಬಬೇಡಿ. ಆ ಕಾಲು ದಿನವೂ ನೆನಪಾಗುತ್ತದೆ. ಸುಣ್ಣ ಇಂದಿನ ನೆಪ.

ಆಗ ನಾವು ಮೂಡಲಗಿಯಲ್ಲಿದ್ದೆವು. ಹತ್ತಿ ತುಂಬಿದ ಅಂಡಿಗೆ ಚೀಲಗಳನ್ನು ಹೇರುವಾಗ ಬಂಡಿ ಸರಿದು ಅಣ್ಣನ ಪಾದ ಗಾಲಿಯಲ್ಲಿ ಸಿಕ್ಕಿತು. ಮೈ ಒಂದು ಕಡೆ ತಿರುಗಿತು, ಮೊಣಕಾಲು ಇನ್ನೊಂದು ಕಡೆ. ದೂರದ ದವಾಖಾನೆಯಲ್ಲಿ ಕೊಯ್ದು, ಒಳಗೆ ಹರಿದಿದ್ದ ನಾರನ್ನು ಹೊಲಿದು, ಕಾಲಿಗೆ ಸುಣ್ಣದಂಥ ಗಟ್ಟಿ ಪಟ್ಟಿ ಹಾಕಿದರು. ವಾರಗಟ್ಟಲೆ ಕಳೆದು ಪಟ್ಟಿ ಬಿಚ್ಚಿದಾಗ ಕಾಲು ಕಟ್ಟಿಗೆಯಾಗಿತ್ತು. ಡಾಕ್ಟರು ನನ್ನನ್ನು ಕರೆದು, “ದಿನಾ ಎರಡು ಹೊತ್ತು ಮಡಚು. ಒದರತಾನ. ಬಿಡಬ್ಯಾಡ,” ಎಂದರು.

ಅಣ್ಣನಿಗೆ ಬೇಕಾದದ್ದು ಒಂದೇ, ಚಕ್ಕಳಮಕ್ಕಳ ಹಾಕಿ ಕೂತು ಲಿಂಗಪೂಜೆ ಮಾಡುವುದು. ಕಾಲು ನೀಡಿಕೊಂಡು ಅಂಗೈಯಲ್ಲಿ ಲಿಂಗ ಹಿಡಿಯಲು ಅವನಿಗೆ ನಾಚಿಕೆ. ಯಾರಿಗೂ ಕಾಣದಂತೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ.

ಮಡಚಿದೆ. ನಾಲ್ಕು ದಿನವೋ, ಹದಿನಾಲ್ಕೋ. ಅವ್ವ ಬಾಗಿಲಲ್ಲಿ ನಿಂತು, “ಹೊಲಿಗಿ ಹರದೀತೋ. ನಿನ್ನ ಕೈ ಏನ ಕಲ್ಲೇನೋ?” ಅನ್ನುತ್ತಿದ್ದಳು. ಕೊನೆಗೆ ಅಣ್ಣನೇ ಬೇಡಿಕೊಂಡ: “ಇವತ್ತೊಂದಿನ ಬಿಡೋ ತಮ್ಮಾ. ನಾಳಿ ಬೇಕಾದ್ರ ಕಾಲ ಮ್ಯಾಲ ಹತ್ತಿ ಕುಂಡ್ರು.”

ಬಿಟ್ಟೆ. ಮರುದಿನವೂ ಬಿಟ್ಟೆ. ಆ ಹೊತ್ತಿನಲ್ಲಿ ಪಗಡೆ ಆಡಿದೆವು. ಹೆಚ್ಚು ಸಲ ಗೆದ್ದವನು ನಾನು. ಅದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಕಾಲು ಹಾಗೇ ಸೆಟೆದು ನಿಂತಿತು.

ಕೆಲವು ವರ್ಷಗಳ ಮೇಲೆ ಹುಕ್ಕೇರಿಯ ಅಕ್ಕನ ಮನೆಯಲ್ಲಿ ಅಣ್ಣ ಜ್ವರದಿಂದ ತೀರಿಕೊಂಡ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಮೈ ಬಿಗಿಯುವ ಮೊದಲೇ ಪೂಜೆಗೆ ಕೂತಂತೆ ಕೂರಿಸುತ್ತೇವೆ. ಎಡಗಾಲು ಮಡಚಿತು, ಬಲಗಾಲು ಬಗ್ಗಲಿಲ್ಲ. ಇಬ್ಬರು ಹಿಡಿದು ಸೋತರು. ವಿಧಿ ಮಾಡಿಸಲು ಬಂದಿದ್ದ ಅಯ್ಯನವರು ನನ್ನ ಕಡೆ ತಿರುಗಿದರು.

“ತಮ್ಮಾ, ನೀ ಮಡಚಪಾ. ನಿನಗ ರೂಢಿ ಐತಿ.”

ತೊಡೆಯ ಮೇಲೆ ಒಂದು ಕೈ, ಹಿಮ್ಮಡಿಗೆ ಒಂದು ಕೈ ಕೊಟ್ಟು ಒತ್ತಿದೆ. ಒಳಗೆ ಏನೋ ಹರಿಯಿತು. ಡಾಕ್ಟರು ಹೊಲಿದದ್ದೋ, ಬೇರೆಯದೋ. ಅವ್ವ ಬೇಡ ಅನ್ನಲಿಲ್ಲ. ಯಾರೂ ಒದರಲಿಲ್ಲ.

ತಮ್ಮನಾದವನು ಹೀಗೆ ಅಣ್ಣನ ಕಾಲಿನ ಸೇವೆ ಮಾಡಬೇಕು ಎಂದು ಮನೆಯಲ್ಲಿ ಈಗಲೂ ನನ್ನನ್ನು ಹೊಗಳುತ್ತಾರೆ. ಇಷ್ಟು ವರ್ಷ ತಲೆಯಾಡಿಸುತ್ತ ಬಂದೆ. ಇಂದು ಸುಣ್ಣದವರ ಮುಂದೆ ಮಗಳು ಅದನ್ನೇ ಹೇಳುತ್ತಿದ್ದಾಗ ನಡುವೆ ಬಾಯಿ ಹಾಕಿದೆ.

“ಇಲ್ಲವ್ವಾ. ಮಡಚೂದು ನಡುವ ಬಿಟ್ಟಬಿಟ್ಟೆ.”

“ಹಂಗಾರ ದೊಡ್ಡಪ್ಪನ ಕಾಲ ಮಡಚಲೇ ಇಲ್ಲೇನ್ರಿ ಅಪ್ಪಾ?”

“ಮಡಚಿತು,” ಎಂದೆ. “ಅಂವ ಹೋದ ಮ್ಯಾಲ.”