ದಂಡೆಗೆ ತಿರುಗಿಸಿದವನು ನಾನು

ಅಕ್ಕಾ, ನಿನ್ನ ಗಂಡನನ್ನು ಸಮುದ್ರಕ್ಕೆ ಕೊಟ್ಟವನು ದಾಮು ಅಲ್ಲ — ನಾನು. ಇಷ್ಟು ವರ್ಷ ನಮ್ಮೂರು ಅಂಕಲಿಯ ತುಂಬ ನಾನು ಹೇಳಿಕೊಂಡು ಬಂದದ್ದು ಸುಳ್ಳು.

ಎಂಬತ್ತರ ದಶಕದ ಆ ಬೇಸಿಗೆ ನಿನಗೆ ನೆನಪಿದೆ. ಹೊಳೆ ಬತ್ತಿ ಮಡುವಷ್ಟೇ ಉಳಿದಿತ್ತು. ಬಲೆಗೆ ಮೀನಿಲ್ಲವೆಂದು ಮಾವನೂ ನಾನೂ ರತ್ನಾಗಿರಿಗೆ ಹೋಗಿ ಮೀನಿನ ಬೋಟು ಹತ್ತಿದೆವು. ಹೊರಡುವಾಗ ನೀನು ಹೇಳಿದ್ದು ಒಂದೇ ಮಾತು: "ತಮ್ಮಾ, ಇವರನ್ನ ನಿನ್ನ ಕೈಯಾಗ ಕೊಟ್ಟೀನಿ."

ಬೋಟು ನಡೆಸುವ ತಾಂಡೇಲ ಈ ದಾಮು. ಮೊದಲ ದಿನದಿಂದಲೇ ಅವನ ಮೇಲೆ ನನಗೆ ಅನುಮಾನ. ಮಾತು ಕಡಿಮೆ, ಕಣ್ಣು ಸದಾ ಮೋಡದ ಮೇಲೆ — ಮೀನಿನ ಆಸೆಗೆ ನಮ್ಮ ಜೀವವನ್ನೂ ಮಾರಿಯಾನು ಅನ್ನಿಸುತ್ತಿತ್ತು. ಮಾವನಿಗೆ ಹೇಳಿದರೆ ನಕ್ಕುಬಿಟ್ಟರು: "ಲೇ, ನಿನಗ ಹಗ್ಗ ಕಂಡ್ರೂ ಹಾವಽ."

ಮಳೆಗಾಲಕ್ಕೆ ಮುಂಚಿನ ಬಿರುಗಾಳಿ ಹಾಡಹಗಲೇ ಕತ್ತಲು ಮಾಡಿಕೊಂಡು ಬಂತು. ಬಲೆಯ ಹಗ್ಗ ಬೋಟಿನ ಹಿಂಭಾಗದಲ್ಲಿ ಸಿಕ್ಕಿಕೊಂಡಿತು. ಅದನ್ನು ಕಡಿಯಲು ದಾಮು ಮಾವನನ್ನು ಕರೆದುಕೊಂಡು ಹೋದ. ಉಳಿದವರು ಕೆಳಗೆ ನೀರು ಎತ್ತಿ ಹಾಕುತ್ತಿದ್ದರು. ಚುಕ್ಕಾಣಿ ನನ್ನ ಕೈಗೆ ಬಂತು. "ತೋಂಡ ಲಾಟೇಕಡೇಚ ಠೇವ," ಎಂದ ದಾಮು — ಬೋಟಿನ ಮೂತಿ ತೆರೆಯ ಕಡೆಗೇ ಇರಲಿ, ದಂಡೆಯ ಆಸೆ ಬೇಡ.

ನಾವು ಹೊಳೆಯವರು. ನೀರು ಏರಿತೆಂದರೆ ದೋಣಿಯನ್ನು ದಂಡೆಗೆ ತಿರುಗಿಸಬೇಕು — ಅಪ್ಪ ನಮಗೆ ಕಲಿಸಿದ್ದು ಅದನ್ನೇ. ಇವನೋ ದಂಡೆ ಬಿಟ್ಟು ಗಾಳಿಯ ಬಾಯಿಗೇ ಹೋಗು ಅನ್ನುತ್ತಾನೆ. ಯಾಕೆ? ಕಡಿಯುವ ನೆಪ ಮಾಡಿ ಬಲೆ ಎಳೆದುಕೊಳ್ಳುತ್ತಿದ್ದಾನೆಯೇ? ನಮ್ಮನ್ನು ಮುಳುಗಿಸಿ...

ತಿರುಗಿಸಿದೆ, ಅಕ್ಕಾ.

ತೆರೆ ಪಕ್ಕೆಗೆ ಹೊಡೆಯಿತು. ಬೋಟು ಮಗ್ಗುಲಾಗಿ ಬಿದ್ದು ಹೇಗೋ ಮತ್ತೆ ಎದ್ದಿತು. ಎದ್ದಾಗ ಹಿಂದೆ ದಾಮು ಒಬ್ಬನೇ ಇದ್ದ, ಮುಷ್ಟಿಯಲ್ಲಿ ಮಾವನ ಅಂಗಿಯ ಹರಿದ ತೋಳು. ಬಲೆಯ ಹಗ್ಗ ಆಗಲೇ ಕಡಿದಾಗಿತ್ತು.

ಬಂದರಿನಲ್ಲಿ ಬೋಟಿನ ಮಾಲಕ ಕೇಳಿದಾಗ ನಾನೇ ಮೊದಲು ಬಾಯಿ ತೆರೆದೆ. ಬಲೆಯ ಆಸೆಗೆ ಇವನೇ ಬೋಟು ತಿರುಗಿಸಿದ, ನಾನು ಕೆಳಗಿದ್ದೆ ಎಂದೆ. ಆ ಕತ್ತಲು, ಗದ್ದಲದಲ್ಲಿ ಕೆಳಗೆ ಯಾರಿದ್ದರು, ಯಾರಿಲ್ಲ ಎಂದು ಉಳಿದವರಿಗೂ ಗೊತ್ತಾಗಿರಲಿಲ್ಲ. ದಾಮು ವಾದ ಮಾಡಲಿಲ್ಲ. ನನ್ನ ಮುಖವನ್ನೇ ನೋಡಿ, "ತುಲಾ ಮಾಹೀತ ಆಹೇ" ಎಂದ. ಅಂದರೆ, ಸತ್ಯ ನಿನಗೆ ಗೊತ್ತಿದೆ ಅಂತ. ಆಮೇಲೆ ಅವನನ್ನು ಯಾವ ಬೋಟಿನವರೂ ಕರೆಯಲಿಲ್ಲವಂತೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಬಾಳು ನನ್ನದಾಯಿತು. ಕಟ್ಟೆಯ ಮೇಲೆ ಇಬ್ಬರು ಪಿಸುಗುಟ್ಟಿದರೆ ನನ್ನದೇ ಸುದ್ದಿ ಅನ್ನಿಸುತ್ತಿತ್ತು. ಒಮ್ಮೆ ರೊಟ್ಟಿ ಹಾಕುತ್ತ ನೀನು ಕೇಳಿದೆ: "ಆವಾಗ ನೀ ಎಲ್ಲಿದ್ದೆಪಾ?"

"ಕೆಳಗ ನೀರ ಎತ್ತಾಕತ್ತಿದ್ದೆ ಬೇ."

ನೀನು ಇನ್ನೊಂದು ರೊಟ್ಟಿ ಹಾಕಿದೆ. ನಂಬಿದೆಯೋ, ಅಥವಾ — ಇವತ್ತಿಗೂ ನನಗೆ ತಿಳಿಯದು. ನಿನ್ನ ಮೇಲೂ ಅನುಮಾನಪಟ್ಟೆ, ಅಕ್ಕಾ. ನಾಚಿಕೆಯಾಗುತ್ತದೆ.

ಪ್ರತಿ ವರ್ಷ ಮಹಾನವಮಿಗೆ ಮುಂಚಿನ ಅಮಾವಾಸ್ಯೆಗೆ ನೀನು ಹೊಳೆಯಲ್ಲಿ ಮಾವನ ಎಡೆ ಬಿಟ್ಟು, "ಆ ದಾಮೂನ ಮನಿ ಹಾಳಾಗ್ಲಿ" ಎಂದು ಮಣ್ಣು ತೂರುತ್ತೀ. ನಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತೇನೆ. ಈ ಸಲವೂ ನಿನ್ನ ಜೊತೆಗೆ ಬರುತ್ತೇನೆ. ಎಡೆ ಬಿಡು, ಮಣ್ಣನ್ನೂ ಹಿಡಿ. ಆದರೆ ದಾಮು ಅನ್ನಬೇಡ. ತಮ್ಮ ಅಂತಲೂ ಅನ್ನಬೇಡ — ನನ್ನ ಹೆಸರು ಹಿಡಿದು ಯಲ್ಲಪ್ಪ ಅನ್ನು.