ವಿನಿ ಸಗ್ಡನ್ನಳ ಟ್ರಾಮು ಮನೆ

ವಿನಿ ಸಗ್ಡನ್ ಯಾರ್ಕ್‌ಷೈರಿನ ಗುಡ್ಡದ ಮಗ್ಗುಲಲ್ಲಿ ಹುಟ್ಟಿ, ಅಲ್ಲೇ ಉಣ್ಣೆ ಗಿರಣಿಯಲ್ಲಿ ಸವೆದ ಹೆಂಗಸು. ಯುದ್ಧ ಮುಗಿದು ಗಂಡ ಟಾಮ್ ಊರಿಗೆ ಬಂದಾಗ ಬಾಡಿಗೆಗೆ ಒಂದು ಗೂಡೂ ಸಿಗುವಂತಿರಲಿಲ್ಲ. ಪೇಟೆ ಬೀದಿಯ ಹಳಿಗಳ ಮೇಲೆ ಓಡಿ ಓಡಿ ಹಳತಾದ ಟ್ರಾಮುಗಳನ್ನು ಆಗ ಗಾಲಿ ಕಿತ್ತು ಮಾರುತ್ತಿದ್ದರು. ಅಂಥದೊಂದನ್ನು ಕೊಂಡು, ರೈತನೊಬ್ಬನ ಹೊಲದ ಅಂಚಿಗೆ ಎಳೆಸಿ, ಒಳಗೆ ಒಲೆ ಹೂಡಿ ಸಂಸಾರ ಕಟ್ಟಿದರು. ಮಗ ರೋನಿ ಹುಟ್ಟಿದ್ದು ಅದರಲ್ಲೇ. ಅವನಿಗೆ ನಾಲ್ಕು ತುಂಬಿದ ವರ್ಷ ಟಾಮ್ ಒಳಗೆಲ್ಲ ಹಸಿರು ಬಣ್ಣ ಬಳಿದ. ಅಪ್ಪ ಅತ್ತ ತಿರುಗಿದ್ದೇ ತಡ, ಹುಡುಗ ಕಿಟಕಿಯ ಕೆಳಗೆ ಹಸಿ ಬಣ್ಣಕ್ಕೆ ಅಂಗೈ ಒತ್ತಿಬಿಟ್ಟ. ಅದೇ ವಾರ ಗಂಟಲಮಾರಿ ಬಂತು, ಮಗುವನ್ನು ಹೊತ್ತುಕೊಂಡು ಹೋಯಿತು. ಆಮೇಲೆ ಎಷ್ಟು ಸಲ ಬಣ್ಣ ಬಳಿದರೂ ಟಾಮ್ ಆ ಕೈಯಚ್ಚೊಂದನ್ನು ಬಿಟ್ಟು ಸುತ್ತ ಬಳಿಯುತ್ತಿದ್ದ.

ಟಾಮ್ ತೀರಿಕೊಂಡ ಮೇಲೆ ವಿನಿ ಸರಕಾರಿ ಮನೆಗೆ ಹೋದಳು. ಟ್ರಾಮಿಗೆ ಕೋಳಿಗಳು ಸೇರಿಕೊಂಡವು. ಕೊನೆಗೆ ಟ್ರಾಮಿನ ಹುಚ್ಚು ಹಿಡಿದ ಒಂದಷ್ಟು ಜನ, ಸಂಬಳವಿಲ್ಲದೆ ರಜೆರಜೆಗೆ ದುಡಿದು ಟ್ರಾಮುಗಳ ಮ್ಯೂಸಿಯಂ ಕಟ್ಟಿದವರು, ಅದನ್ನು ಎತ್ತಿಕೊಂಡು ಹೋದರು. ಅದು ಗಾಲಿ ಹಾಕಿಸಿಕೊಂಡು ಮತ್ತೆ ಹಳಿಯ ಮೇಲೆ ಓಡುತ್ತಿದೆಯಂತೆ ಎಂದು ಕೇಳಿದಂದಿನಿಂದ ವಿನಿಗೆ ಒಂದೇ ಹಂಬಲ: ಆ ಕೈಯ ಮೇಲೆ ಒಂದು ಸಲ ಕೈ ಇಡಬೇಕು. ರೋನಿಯದೆಂದು ಲೋಕದಲ್ಲಿ ಉಳಿದದ್ದು ಅದೊಂದೇ. ಒಂದು ಫೋಟೋ ಕೂಡ ತೆಗೆಸಿರಲಿಲ್ಲ.

ಮ್ಯೂಸಿಯಂಗೆ ಹೊರಟಾಗ ಪಕ್ಕದ ಮನೆಯ ಐವಿ ಜೊತೆಗೆ ಬಂದಳು. "ನಿನ್ನ ಮನೆ ಹೊಕ್ಕೋಕೆ ನೀನೇ ಟಿಕೆಟ್ ತಗೋಬೇಕಲ್ಲೇ ವಿನಿ!" ಎಂದು ಗೇಟಿನಲ್ಲೇ ನಕ್ಕಳು.

ವಿನಿ ನಗಲಿಲ್ಲ. ಟ್ರಾಮು ಹತ್ತಿದವಳೇ ನೇರ ಆ ಕಿಟಕಿಗೆ ಹೋದಳು. ಕಂದು ಮರ ಕನ್ನಡಿಯಂತೆ ಹೊಳೆಯುತ್ತಿತ್ತು. ಸವರಿದಳು. ಬೆರಳಿಗೆ ಏನೂ ತಗುಲಲಿಲ್ಲ.

ಕಂಡಕ್ಟರ್ ಟೋಪಿ ಇಟ್ಟ ಸಿರಿಲ್ ಹತ್ತಿರ ಬಂದ. ಅವನೂ ಆ ಟ್ರಾಮು ಹುಚ್ಚರಲ್ಲೊಬ್ಬ, ಕೊಳಾಯಿ ಕೆಲಸದಿಂದ ನಿವೃತ್ತನಾದವನು. "ಹೆಂಗಿದೆ ತಾಯೀ? ಕಾರ್ಖಾನೆಯಿಂದ ಹೊರಬಿದ್ದ ದಿನ ಹೆಂಗಿತ್ತೋ ಹಂಗೇ ಮಾಡಿದೀವಿ. ಅದೇ ನಮ್ಮ ಹಟ. ಆಮೇಲೆ ಮೆತ್ತಿದ್ದೆಲ್ಲ ಕಸ. ಪದರ ಪದರ ಉಜ್ಜಿ ತೆಗೆಯೋಕೆ ಎರಡು ಚಳಿಗಾಲ ಹಿಡೀತು."

"ಇಲ್ಲಿ ಏನಾದ್ರೂ ಇತ್ತಾ?"

"ಅಯ್ಯೋ, ಅಲ್ಲೇ! ಯಾವನೋ ಪುಂಡ ಹುಡುಗ ಹಸಿರು ಬಣ್ಣದಲ್ಲಿ ಅಂಗೈ ಒತ್ತಿದ್ದ. ಏನ್ ಮಾಡಿದ್ರೂ ಬಿಡಲೊಲ್ಲದು. ನಾನೇ ಉಜ್ಜಿದ್ದು, ಭುಜ ಬಿದ್ದೋಯ್ತು. ಅಪ್ಪನ ಕೈಲಿ ಚೆನ್ನಾಗಿ ಒದೆ ತಿಂದಿರ್ತಾನೆ ಬಿಡಿ!"

ಐವಿ ಬಾಯಿ ತೆರೆದಳು. ವಿನಿ ಅವಳ ಮೊಣಕೈ ಹಿಸುಕಿದಳು.

"ಇಲ್ಲಪ್ಪ," ಎಂದಳು, "ಒದೆಯೋಕೆ ಪುರುಸೊತ್ತು ಸಿಗಲಿಲ್ಲ."

ಸಿರಿಲನ ನಗು ಅರ್ಧಕ್ಕೆ ನಿಂತಿತು. ಅವಳ ಮುಖ ನೋಡಿದ, ಮರ ನೋಡಿದ, ತನ್ನ ಕೈ ನೋಡಿಕೊಂಡ. ಮುಂದುಗಡೆಯಿಂದ ಚಾಲಕ ಕೂಗಿದ: "ಲೇ ಸಿರಿಲ್, ಗಂಟೆ ಹೊಡೀತೀಯೋ, ಗೊರಕೆ ಹೊಡೀತೀಯೋ?"

ಗಂಟೆಯ ಹಗ್ಗಕ್ಕೆ ಸಿರಿಲನ ಕೈ ಮೇಲೇಳಲಿಲ್ಲ.

"ಹೊಡಿಯಪ್ಪಾ," ಎಂದಳು ವಿನಿ. "ಜನ ಕಾಯ್ತಿದ್ದಾರೆ."

ಅವನು ಗಂಟೆ ಎಳೆದ. ವಿನಿ ಆ ಕಿಟಕಿಗೆ ಬೆನ್ನು ಹಾಕಿ ಕುಳಿತಳು.